ಭಟ್ಟರ ಬೆರಳಿಗೆ ಬಾಳೆಯೆಲೆ

ಬೆಸಗರಹಳ್ಳಿಯ ಗೋಪಾಲಸ್ವಾಮಿ ಗುಡಿಗೆ ಆತುಕೊಂಡಂತಿದ್ದ ಹೆಂಚಿನ ಮನೆಯಲ್ಲಿ ಪಂಕಜಮ್ಮ ಸಂಸಾರ ಹೂಡಿ ಮೂವತ್ತು ವರ್ಷ ದಾಟಿತ್ತು. ಮಳವಳ್ಳಿಯ ಶಾಲೆ ಮೇಷ್ಟರ ಮಗಳು. ತಂದೆಯಿಂದ ಬಳುವಳಿಯಾಗಿ ಬಂದದ್ದು ದುಂಡನೆಯ ಅಕ್ಷರ ಮತ್ತು ಎದುರಿಗೆ ಯಾರಿದ್ದರೂ ಗದರಿಸಿಬಿಡುವ ಬಾಯಿ. ಗುಡಿಯ ಅಡುಗೆಮನೆಯಲ್ಲಿ ಅಕ್ಷರಕ್ಕೆ ಕೆಲಸವಿರಲಿಲ್ಲ, ಬಾಯಿಗೆ ಬೇಕಾದಷ್ಟಿತ್ತು. ಅಭಿಷೇಕದ ಹಾಲಿಗೆ ನೀರು ಬೆರೆಸುವವರು, ಕೊಳೆತ ಕಾಯಿಯನ್ನು ಆರಿಸಿ ದೇವರಿಗೆಂದು ತರುವವರು, ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡು ತೀರ್ಥಕ್ಕೆ ಕೈಯೊಡ್ಡುವವರು, ಎಲ್ಲರೂ ಒಂದಲ್ಲ ಒಂದು ಸಲ ಆ ಬಾಯಿಗೆ ಸಿಕ್ಕಿ ಬಂದವರೇ. ಆಕೆ ಗುಡಿಯ ಬಾಗಿಲಲ್ಲಿ ನಿಂತಿದ್ದರೆ ಊರ ಗಂಡಸರು ಎಲೆ ಅಡಿಕೆ ಉಗಿದು ಬಾಯಿ ತೊಳೆದುಕೊಂಡೇ ಒಳಗೆ ಬರುತ್ತಿದ್ದರು. ಆ ಬಾಯಿಗೆ ಕಿಂಚಿತ್ತೂ ಸೊಪ್ಪು ಹಾಕದವರು ಊರಲ್ಲಿ ಒಬ್ಬರೇ, ಆಕೆಯ ಗಂಡ.

ಚಲುವನಾರಾಯಣ ಭಟ್ಟರು ಆ ಗುಡಿಯ ಅರ್ಚಕರು. ತಂದೆ, ತಾತ ನಿಂತ ಜಾಗದಲ್ಲೇ ನಿಂತು, ಅವರು ಹಿಡಿದ ಗಂಟೆಯನ್ನೇ ಹಿಡಿದು ಪೂಜೆ ಮಾಡಿಕೊಂಡು ಬಂದವರು. ಬಹಳ ಮೆದು ಮನುಷ್ಯ. ಜಗಳಗಂಟ ಗಂಡನಾದರೆ ಜಗಳವಾಡಿ ಗೆಲ್ಲಬಹುದು, ಇಲ್ಲವೇ ಸೋತು ಅಳಬಹುದು, ಅದೂ ಆಗದಿದ್ದರೆ ಎರಡು ದಿನ ಮಾತು ಬಿಟ್ಟು ಬಗ್ಗಿಸಬಹುದು. ಇವರಾದರೋ ಏನು ಹೇಳಿದರೂ ನಗುನಗುತ್ತಾ ಕೇಳಿಸಿಕೊಂಡು, ತಲೆದೂಗಿ, ಎದ್ದುಹೋಗಿ, ತಮಗೆ ತೋಚಿದ್ದನ್ನೇ ಮಾಡುವರು. ಗೋಡೆಗೆ ಹಣೆ ಚಚ್ಚಿಕೊಂಡರೆ ಅದಾದರೂ ಒಂದಿಷ್ಟು ಸುಣ್ಣ ಉದುರಿಸುತ್ತದೆ, ನಿಮ್ಮಪ್ಪನಿಂದ ಅದೂ ಇಲ್ಲ ಎಂದು ಪಂಕಜಮ್ಮ ಮದುವೆಯಾಗಿ ಹೋದ ಮಗಳ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು.

ಎಪ್ಪತ್ತನಾಲ್ಕನೆಯ ಇಸವಿ, ಗೌರಿ ಹಬ್ಬ ಕಳೆದ ಮೇಲಿನ ಮಾತು. ಮಧ್ಯಾಹ್ನ ಊಟದ ಹೊತ್ತಿಗೆ ನಡುಮನೆಯ ನೆಲದ ಮೇಲೆ ಕೆಂಪು ಗುರುತು ಕಂಡಿತು. ಯಾರೋ ಕುಂಕುಮ ತುಳಿದುಕೊಂಡು ಬಂದಿದ್ದಾರೆಂದು ಪಂಕಜಮ್ಮ ಬೈಯಲು ಬಾಯಿ ತೆರೆದಳು. ನೋಡಿದರೆ ಗುರುತು ಭಟ್ಟರು ಕೂತ ಮಣೆಯ ತನಕ ಹೋಗಿತ್ತು. ಬಲಗಾಲಿನ ಹೆಬ್ಬೆರಳ ಪಕ್ಕದ ಬೆರಳ ಬುಡದಲ್ಲಿ ತೆಂಗಿನ ಚಿಪ್ಪಿನ ಚೂರೊಂದು ಒಳಗೆ ಇಳಿದು ಕೂತಿತ್ತು. ಬೆಳಿಗ್ಗೆ ಕಾಯಿ ಒಡೆಯುವ ಕಲ್ಲಿನ ಹತ್ತಿರ ತುಳಿದಿರಬೇಕು. ಅಷ್ಟು ಹೊತ್ತೂ ಅದರ ಮೇಲೆಯೇ ಓಡಾಡಿದ್ದರು.

"ನೋಯಲಿಲ್ವೇನ್ರೀ?" ಎಂದಳು ಪಂಕಜಮ್ಮ.

"ಇಲ್ಲವಲ್ಲೇ," ಎಂದು ಭಟ್ಟರು ತಾವೇ ಆಶ್ಚರ್ಯಪಟ್ಟರು.

ಆವತ್ತು ಪಂಕಜಮ್ಮ ಅದನ್ನು ಗಂಡನ ಭಕ್ತಿಯ ಲೆಕ್ಕಕ್ಕೆ ಸೇರಿಸಿದಳು. ಸ್ವಾಮಿಯ ಧ್ಯಾನದಲ್ಲಿ ಮೈಮರೆತವರಿಗೆ ಚಿಪ್ಪಿನ ಚೂರು ಯಾವ ಲೆಕ್ಕ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಟ್ಟಳು. ಚೂರು ಕಿತ್ತು, ಅರಿಸಿನ ಮೆತ್ತಿ ಸುಮ್ಮನಾದಳು. ಆ ಹೆಮ್ಮೆಯನ್ನು ನೆನೆದಾಗಲೆಲ್ಲ ಮುಂದೆ ಆಕೆಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಗಾಯ ಮಾಯಲಿಲ್ಲ. ಅರಿಸಿನ ಹಾಕಿದರೂ ಇಲ್ಲ, ಬೇವಿನೆಣ್ಣೆ ಬಿಟ್ಟರೂ ಇಲ್ಲ. ಬೆರಳು ಊದಿ ಕೀವಾಗಿ ವಾಸನೆ ಬಂದ ಮೇಲೆ ಪಂಕಜಮ್ಮ ಗಂಡನನ್ನು ಮದ್ದೂರು ಬಸ್ಸು ಹತ್ತಿಸಿ, ಅಲ್ಲಿಂದ ಮಂಡ್ಯಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಡಾಕ್ಟರ್ ಸಂಪತ್ ಕುಮಾರ ಅವರದು ಸಣ್ಣದೊಂದು ನರ್ಸಿಂಗ್ ಹೋಂ. ಅವರೂ ನಾಮ ಹಾಕುವ ಮನೆತನದವರೇ, ಭಟ್ಟರ ಕೈಯಿಂದ ತೀರ್ಥ ತೆಗೆದುಕೊಂಡವರೇ. ನೀಲಿ ದ್ರಾವಣವಿದ್ದ ಗಾಜಿನ ನಳಿಕೆಗೆ ಮೂತ್ರದ ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು.

"ಭಟ್ಟರೇ, ಇದು ಸಕ್ಕರೆ ಕಾಯಿಲೆ. ಇವತ್ತಿನದಲ್ಲ, ಎಷ್ಟೋ ವರ್ಷದಿಂದ ಇರಬೇಕು," ಎಂದರು ಡಾಕ್ಟರು. "ಕಾಲಿನ ನರ ಸತ್ತಿವೆ. ಅದಕ್ಕೇ ಚುಚ್ಚಿದ್ದು ಗೊತ್ತಾಗಲಿಲ್ಲ. ನೋವಿಲ್ಲ ಅಂತ ಸಂತೋಷಪಡಬೇಡಿ, ಅದೇ ನಿಮ್ಮ ದೊಡ್ಡ ತೊಂದರೆ. ಮಾತ್ರೆ ಬರೆದುಕೊಡ್ತೀನಿ. ದಿನಾ ಕಟ್ಟು ಬದಲಾಯಿಸಬೇಕು. ಗಾಯಕ್ಕೆ ನೀರು ಸೋಕಬಾರದು, ಕಾಲೂರಿ ತಿರುಗಾಡಬಾರದು, ಸಿಹಿ ಮುಟ್ಟಬಾರದು. ಇಲ್ಲದೇ ಹೋದರೆ ಬೆರಳು ತೆಗೀಬೇಕಾಗುತ್ತೆ."

ಭಟ್ಟರು ಎಂದಿನಂತೆ ತಲೆದೂಗಿದರು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆಗೇ ನೋಡುತ್ತಾ, "ಬೆರಳು ಹೋದರೆ ಗರ್ಭಗುಡಿ ಹೋದ ಹಾಗೇ ಪಂಕಜ. ಅಂಗ ಊನವಾದವನು ಸ್ವಾಮೀನ ಮುಟ್ಟೋ ಹಾಗಿಲ್ಲ," ಎಂದರು.

ಅದು ಪಂಕಜಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಅರ್ಚಕರ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಕಟ್ಟಳೆ ಅದು. ಕಾಲಿನ ಒಂದು ಬೆರಳಾದರೂ ಸರಿ, ಹೋಯಿತೆಂದರೆ ಆ ಮನುಷ್ಯ ಹೊಸ್ತಿಲ ಆಚೆಗೆ. ದೇವರನ್ನು ಬಿಟ್ಟರೆ ಭಟ್ಟರಿಗೆ ಬೇರೆ ಕೆಲಸ ಬರದು, ಬೇರೆ ಮಾತೂ ಬರದು. ಮಗಳ ಮದುವೆಯ ದಿನವೂ ಸ್ವಾಮಿಗೆ ಹೊತ್ತು ಮೀರಿತೆಂದು ಧಾರೆಯ ಹಿಂದೆಯೇ ಗುಡಿಗೆ ಓಡಿದವರು. ಗುಡಿಯಿಂದ ಹೊರಗಾದರೆ ಈ ಮನುಷ್ಯ ಏನಾಗುತ್ತಾರೆ? ಹೇಗಾದರೂ ಸರಿ, ಆ ಬೆರಳನ್ನು ಉಳಿಸಲೇಬೇಕೆಂದು ಆಕೆ ಬಸ್ಸಿನಲ್ಲೇ ಗಟ್ಟಿಮಾಡಿಕೊಂಡಳು.

ಆದರೆ ಉಳಿಸಲು ಬೆರಳಿನ ಯಜಮಾನರು ಬಿಡಬೇಕಲ್ಲ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಬಾವಿಕಟ್ಟೆಯಲ್ಲಿ ನೀರಿನ ಸದ್ದು ಕೇಳಿ ಪಂಕಜಮ್ಮ ಎದ್ದು ಹೋದಳು. ಮಂಡ್ಯದಲ್ಲಿ ಕಟ್ಟಿಸಿಕೊಂಡು ಬಂದ ಕಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಿತ್ತು. ಭಟ್ಟರು ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದುಕೊಳ್ಳುತ್ತಿದ್ದರು.

"ನೀರು ಸೋಕಬಾರದು ಅಂತ ಡಾಕ್ಟರು ಹೇಳಿದ್ದು ನಿಮಗೋ, ಬಾವಿಗೋ?"

"ಅದು ಮಡಿಯಲ್ಲ ಪಂಕಜ. ಎಲ್ಲೆಲ್ಲಿ ಇಟ್ಟ ಬಟ್ಟೆಯೋ, ಯಾರ್ಯಾರು ಮುಟ್ಟಿದ್ದೋ. ಅದನ್ನ ಕಾಲಿಗೆ ಸುತ್ತಿಕೊಂಡು ಒಳಗೆ ಹೋಗಲೇ? ಪೂಜೆ ಮುಗಿಸಿ ಬಂದು ಮತ್ತೆ ಕಟ್ಟಿಕೊಳ್ತೀನಿ ಬಿಡು."

"ಕೀವು ಬರೋ ಕಾಲಲ್ಲಿ ಒಳಗೆ ಹೋಗಬಹುದೋ? ಅದಕ್ಕೆ ಶಾಸ್ತ್ರ ಇಲ್ವೋ?"

"ಕೀವಲ್ಲ, ಬರೀ ಪಸೆ," ಎಂದು ಭಟ್ಟರು ಒದ್ದೆ ಪಂಚೆಯಲ್ಲೇ ಗುಡಿಯ ಕಡೆ ಹೊರಟರು.

ದಿನಾ ಇದೇ. ಬೆಳಿಗ್ಗೆ ಬಿಚ್ಚುವುದು, ನೆನೆಸುವುದು, ತಣ್ಣನೆಯ ಕಲ್ಲಿನ ಮೇಲೆ ನಿಲ್ಲುವುದು, ಆಮೇಲೆ ಅದೇ ಬಟ್ಟೆಯನ್ನು ಮತ್ತೆ ಸುತ್ತಿಕೊಳ್ಳುವುದು. ಗುಡಿಯ ಕೆಲಸವನ್ನು ಸ್ವಲ್ಪ ದಿನ ನಿಮ್ಮ ಅಣ್ಣನ ಮಗ ವೆಂಕಟೇಶಮೂರ್ತಿಗೆ ಬಿಟ್ಟುಕೊಡಿ ಎಂದು ಪಂಕಜಮ್ಮ ಕೇಳಿಕೊಂಡಳು. ಅವನು ಮಂಡ್ಯದಲ್ಲಿ ಕಚೇರಿ ಗುಮಾಸ್ತ, ಮಂತ್ರ ಬಲ್ಲವನು, ಬರುತ್ತೇನೆಂದು ಒಪ್ಪಿಯೂ ಇದ್ದ. ಧನುರ್ಮಾಸ ಹತ್ತಿರ ಬಂತು, ಈಗ ಹೇಗೆ ಬಿಡಲಿ ಎಂದು ಭಟ್ಟರು ನಕ್ಕರು. ಧನುರ್ಮಾಸ ಬಾರದ ವರ್ಷ ಯಾವುದಿದೆ ಎಂದು ಆಕೆ ಕೇಳುವಷ್ಟರಲ್ಲಿ ಅವರು ಎದ್ದು ಹೊರಟಿದ್ದರು.

ಮಂಡ್ಯಕ್ಕೆ ಹೋದರೆ ಡಾಕ್ಟರು ಬೈಯುವುದು ಈಕೆಯನ್ನೇ. ಒಣಗಿ ಅಂಟಿಕೊಂಡ ಬಟ್ಟೆಯನ್ನು ಕಿತ್ತಾಗಲೆಲ್ಲ ಆಗತಾನೇ ಹುಟ್ಟಿದ ಮಾಂಸವೂ ಕಿತ್ತು ಬರುತ್ತಿತ್ತು. "ನೀವಾದರೂ ನೋಡಿಕೊಳ್ಳಬಾರದೇನಮ್ಮ? ಹೀಗಾದರೆ ಯಾವ ಜನ್ಮಕ್ಕೆ ಮಾಯಬೇಕು?" ಎನ್ನುವರು. ಭಟ್ಟರು ಪಕ್ಕದಲ್ಲಿ ಪಾಠ ಒಪ್ಪಿಸಿ ಮುಗಿಸಿದ ಒಳ್ಳೆಯ ಹುಡುಗನ ಹಾಗೆ ಕೂತಿರುವರು. ಮಗಳು ಫೋನಿನಲ್ಲಿ ಸಿಕ್ಕುವ ಕಾಲವಲ್ಲ ಅದು, ಬಂದಾಗ ಅವಳೂ ಅಮ್ಮನನ್ನೇ ಕೇಳುವಳು. ಊರವರೂ ಅಮ್ಮನನ್ನೇ ಕೇಳುವರು. ಕಾಲು ಅವರದು, ಹಟ ಅವರದು, ಬೈಗುಳ ಮಾತ್ರ ನನ್ನದು ಎಂದು ಪಂಕಜಮ್ಮ ಗೊಣಗುತ್ತಿದ್ದಳು.

ಧನುರ್ಮಾಸ ಬಂತು. ಹೊತ್ತು ಹುಟ್ಟುವ ಮುಂಚೆ ಪೂಜೆ, ದಿನವೂ ಸ್ವಾಮಿಗೆ ಸಿಹಿ ಪೊಂಗಲು. ಪ್ರಸಾದವನ್ನು ಅರ್ಚಕರು ಮೊದಲು ತೆಗೆದುಕೊಂಡ ಮೇಲೆಯೇ ಉಳಿದವರಿಗೆ. ಬೇಡವೆನ್ನುವುದು ಅಪಚಾರ. ಬೆಲ್ಲ ತುಪ್ಪ ಸುರಿದು ಗಂಡನ ಕಾಯಿಲೆಯನ್ನು ತಾನೇ ಬೇಯಿಸುವ ಕೆಲಸ ಪಂಕಜಮ್ಮನದು. ಎಷ್ಟು ದಿನ ಸಹಿಸಿಯಾಳು? ಮೊದಲು ಒಂದು ಅಚ್ಚು ಬೆಲ್ಲ ಕಡಿಮೆ ಮಾಡಿದಳು, ಆಮೇಲೆ ಇನ್ನೊಂದು. ಕೊನೆಗೆ ಆ ಪೊಂಗಲು ಬಣ್ಣದಲ್ಲಿ ಮಾತ್ರ ಸಿಹಿಯಾಗಿ ಉಳಿಯಿತು.

ಗುಡಿಗೆ ಬಾಳೆ ಎಲೆ ತಂದುಕೊಡುತ್ತಿದ್ದ ಬೆಟ್ಟಮ್ಮ ಒಂದು ಬೆಳಿಗ್ಗೆ ಪ್ರಸಾದ ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದಳು. ನಾಲೆಯ ಪಕ್ಕ ಅವಳದು ಗದ್ದೆ, ಬಾಳೆ ತೋಟ. ಬಾಯಲ್ಲಿ ಪಂಕಜಮ್ಮನಿಗೆ ಸರಿಸಮ. "ಏನ್ ಅಮ್ಮಾರೆ, ನಮ್ ಗೋಪಾಲ್ಸಾಮಿಗೂ ಸಕ್ಕರೆ ಕಾಯ್ಲೆ ಬಂದದಾ? ಊರ್ ತುಂಬ ಆಲೆಮನೆ ಮಡಿಕೊಂಡು ದೇವ್ರಿಗೆ ಸಪ್ಪೆ ಉಣ್ಣುಸ್ತಿದ್ದೀರಲ್ಲ!"

ಪಂಕಜಮ್ಮನಿಗೆ ನಗು ಬರಬೇಕಿತ್ತು, ಅಳು ಬಂತು. ಗುಡಿಯ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿಕೊಂಡಳು. ನೆನೆಯುವ ಬಟ್ಟೆ, ಕಿತ್ತು ಬರುವ ಮಾಂಸ, ಹೋಗಲಿರುವ ಬೆರಳು. ಬೆಟ್ಟಮ್ಮ ಎಲೆಯ ಕಟ್ಟನ್ನು ಕೆಳಗಿಟ್ಟು ಕೇಳಿಸಿಕೊಂಡಳು.

"ಬಟ್ಟೆ ಯಾಕ್ ಕಟ್ಟೀರಿ? ನಮ್ ಮಾವ ಆಲೆಮನೇಲಿ ಬೆಲ್ಲದ ಪಾಕ ತೊಡೆ ಮ್ಯಾಲೆ ಚೆಲ್ಕೊಂಡಿದ್ರಲ್ಲ, ಬಟ್ಟೆ ಆಕುದ್ರೆ ಚರ್ಮನೇ ಕಿತ್ಕೊಂಡು ಬರದು. ಆಮೇಲೆ ಬಾಳೆ ಸುಳಿ ಎಲೆ ಮ್ಯಾಲೆ ಮನುಗ್ಸುದ್ವಿ. ಎಲೆ ಅಂಟ್ಕಳಕಿಲ್ಲ ಕಣಮ್ಮ."

ಪಂಕಜಮ್ಮ ಕಣ್ಣೀರು ಒರೆಸುತ್ತಿದ್ದ ಸೆರಗನ್ನು ಹಾಗೇ ಹಿಡಿದುಕೊಂಡಳು. ಎಲೆ ಅಂಟಿಕೊಳ್ಳುವುದಿಲ್ಲ ಎಂಬುದು ಒಂದಾಯಿತು. ಅದಕ್ಕಿಂತ ಹೆಚ್ಚಾಗಿ, ಎಲೆಗೆ ಮೈಲಿಗೆಯಿಲ್ಲ! ಸ್ವಾಮಿಯೇ ಉಣ್ಣುವುದು ಅದರ ಮೇಲೆ. ಬಾಳೆ ಎಲೆಯನ್ನು ಕಾಲಿಗೆ ಸುತ್ತಿಕೊಂಡು ಒಳಗೆ ಹೋಗಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಈ ಮನುಷ್ಯ ತೋರಿಸಲಿ ಎಂದು ಆಕೆ ಎದ್ದು ನಿಂತಳು.

ಭಟ್ಟರಿಗೆ ತೋರಿಸಲು ಯಾವ ಶಾಸ್ತ್ರವೂ ನೆನಪಾಗಲಿಲ್ಲ. ಮಂಡ್ಯಕ್ಕೆ ಹೋಗಿ ಕೇಳಿದಾಗ ಡಾಕ್ಟರು ಮೊದಲು ನಕ್ಕರು, ಆಮೇಲೆ ಗಾಯವನ್ನು ಇನ್ನೊಮ್ಮೆ ನೋಡಿ ನಗು ನಿಲ್ಲಿಸಿದರು. "ಬಟ್ಟೆ ಕಟ್ಟಿ ಬಿಚ್ಚೋದಕ್ಕಿಂತ ಇದೇ ವಾಸಿ. ಎಳೆ ಎಲೆ ತಗೊಂಡು ಕುದಿಯೋ ನೀರಲ್ಲಿ ಅದ್ದಿ ತೆಗೀರಿ. ಗಾಯಾನ ಕಾದಾರಿದ ಉಪ್ಪುನೀರಲ್ಲಿ ತೊಳೆದು, ಈ ಮುಲಾಮು ಸವರಿ, ಮೇಲೆ ಎಲೆ ಸುತ್ತಿ. ಸ್ನಾನ ಮಾಡುವಾಗ ಆ ಕಾಲು ಕಟ್ಟೆಯ ಮೇಲೆ ಇಟ್ಟುಕೊಳ್ಳಲಿ. ಆದರೆ ಎಲೆ ಮದ್ದಲ್ಲ ಪಂಕಜಮ್ಮ, ಬರೀ ಹೊದಿಕೆ. ಮದ್ದು ಅಂದರೆ ಇವರು ಒಂದು ಕಡೆ ಕೂತಿರೋದು."

ಕೂರುವ ಮಾತನ್ನು ಭಟ್ಟರು ಎಂದಿನಂತೆ ಕಿವಿಯ ಪಕ್ಕಕ್ಕೆ ಬಿಟ್ಟರು. ಎಲೆಯನ್ನು ಮಾತ್ರ ಮನಸಾರೆ ಒಪ್ಪಿದರು. ಅದನ್ನು ಕಟ್ಟಲು ದಾರ ಬೇಡ, ಅದು ಅಂಗಡಿಯದು, ಬಾಳೆ ನಾರೇ ಇರಲಿ ಎಂದರು. ದಿನಾ ಬೆಳಿಗ್ಗೆ ನಾರು ನೆನೆಸಿ ಸ್ವಾಮಿಗೆ ತುಳಸಿ ಮಾಲೆ ಕಟ್ಟುವ ಕೈ ಅವರದು. ಪಂಕಜಮ್ಮ ಎಲೆ ಸುತ್ತಿ ಹಿಡಿದುಕೊಳ್ಳುವಳು, ಭಟ್ಟರು ಬಗ್ಗಿ ಬೆರಳ ಬುಡಕ್ಕೆ ಎರಡು ಸುತ್ತು ನಾರು ಹಾಕಿ ಗಂಟು ಬಿಗಿಯುವರು. ಪೂಜೆ ಮುಗಿದು ಮನೆಗೆ ಬಂದ ಕೂಡಲೇ ಆಕೆ ಅದನ್ನು ಬಿಚ್ಚಿ ಹೊಸದು ಹಾಕುವಳು. ಎಲೆ ಜಾರಿಕೊಂಡು ಬರುತ್ತಿತ್ತು, ಒಂದು ಚೂರು ಮಾಂಸವೂ ಅದರ ಜೊತೆ ಬರುತ್ತಿರಲಿಲ್ಲ.

ನೋಡನೋಡುತ್ತಾ ಗಾಯದ ತಳ ಕೆಂಪಗಾಯಿತು, ಅಂಚು ಕೂಡಿಕೊಂಡು ಬಂತು, ವಾಸನೆ ಹೋಯಿತು. ಬೆರಳು ಉಳಿಯಿತು ಬಿಡಿ ಎಂದರು ಡಾಕ್ಟರು. ಪಂಕಜಮ್ಮ ಮಂಡ್ಯದ ಬಸ್ ನಿಲ್ದಾಣದಲ್ಲಿ ತಿಂಗಳುಗಳ ನಂತರ ಗಂಡನ ಹತ್ತಿರ ಗದರದೆ ಮಾತಾಡಿದಳು. ಬೆಟ್ಟಮ್ಮನಿಗೆ ಒಂದು ಸಲ ನಿಜವಾದ ಪೊಂಗಲು ಮಾಡಿಕೊಟ್ಟಳು. ಬೆಲ್ಲ ಇದ್ದದ್ದು ಆ ಒಂದು ಪಾತ್ರೆಯಲ್ಲಿ ಮಾತ್ರ.

ಆಗ ವೈಕುಂಠ ಏಕಾದಶಿ ಬಂತು.

ಆವತ್ತು ಸುತ್ತಮುತ್ತಲ ಹಳ್ಳಿಗಳೆಲ್ಲ ಗುಡಿಗೆ ನುಗ್ಗುವ ದಿನ. ಒಬ್ಬರೇ ಅರ್ಚಕರು, ಬೆಳಗಿನಿಂದ ಸಂಜೆಯವರೆಗೆ ಗರ್ಭಗುಡಿ ಬಿಟ್ಟು ಕದಲುವಂತಿಲ್ಲ. ವೆಂಕಟೇಶನನ್ನು ಕರೆಸೋಣವೆಂದು ಪಂಕಜಮ್ಮ ಗೋಗರೆದಳು. ಇದೊಂದು ದಿನ ಕಳೆಯಲಿ ಎಂದರು ಭಟ್ಟರು. ಜನರ ನೂಕಾಟದಲ್ಲಿ ಎಲೆ ಕಳಚಿ ಸ್ವಾಮಿಯ ಮುಂದೆ ಬಿದ್ದರೆ ಗತಿಯೇನು ಎಂದು ನಾರನ್ನು ಎರಡರ ಬದಲು ನಾಲ್ಕೈದು ಸುತ್ತು ಸುತ್ತಿದರು. ಆಳೆತ್ತರದ ಮಾಲೆಗೆ ಹಾಕುವಂಥ ಗಂಟು ಹಾಕಿದರು.

"ಬಿಗಿಯಾಗಲಿಲ್ವೇ?" ಎಂದು ಕೇಳಿದಳು ಪಂಕಜಮ್ಮ. ಆಕೆಯ ಒಂದು ಕಣ್ಣು ಒಲೆಯ ಮೇಲಿತ್ತು.

"ಏನೂ ಅನ್ನಿಸ್ತಿಲ್ಲ. ಹಾಯಾಗಿದೆ," ಎಂದರು ಭಟ್ಟರು.

ಆಕೆ ನಂಬಿದಳು. ಬಳೆ ಬಿಗಿಯಾದರೆ ಕೈ ಹೇಳುತ್ತದೆ, ಉಂಗುರ ಬಿಗಿಯಾದರೆ ಬೆರಳು ಹೇಳುತ್ತದೆ. ಹುಟ್ಟಿದಾಗಿನಿಂದ ಮೈ ಹೇಳಿದ್ದನ್ನು ನಂಬಿ ಬದುಕಿದವಳು, ಒಲೆಯ ಅವಸರದಲ್ಲಿ ಆ ಕಾಲು ಮಾತು ಬಿಟ್ಟಿದೆ ಎಂಬುದನ್ನೇ ಮರೆತಳು. ಡಾಕ್ಟರು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದ ಮಾತು ಅದು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಜನ ಕರಗಿ ಭಟ್ಟರು ಮನೆಗೆ ಬಂದರು. ಮುಖದಲ್ಲಿ ಬೆಳಕೇ ಬೆಳಕು. ಎಂಥ ಅಲಂಕಾರ, ಎಂಥ ಜನ ಎಂದು ಹೇಳುತ್ತಲೇ ಕಾಲು ಚಾಚಿದರು. ಹಸಿಯಾಗಿ ಕಟ್ಟಿದ್ದ ನಾರು ಇಡೀ ದಿನದ ಜನದ ಶಾಖಕ್ಕೆ, ದೀಪದ ಶಾಖಕ್ಕೆ ಒಣಗಿ ಮುದುರಿ ಬೆರಳ ಬುಡದಲ್ಲಿ ಹೂತುಹೋಗಿತ್ತು. ಪಂಕಜಮ್ಮ ಕತ್ತರಿಯ ತುದಿ ತೂರಿಸಲು ಹೋದರೆ ಜಾಗ ಸಿಗಲಿಲ್ಲ. ಕೊನೆಗೂ ಕತ್ತರಿಸಿ ಎಲೆ ತೆಗೆದಳು. ಗಾಯ ಹಾಗೇ ಕೆಂಪಗೆ ಚೆನ್ನಾಗಿಯೇ ಇತ್ತು. ಅದರಾಚೆ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ತಣ್ಣಗಿತ್ತು.

"ಏನಾಯ್ತೇ?" ಎಂದರು ಭಟ್ಟರು. ಮುಖದ ಬೆಳಕು ಇನ್ನೂ ಆರಿರಲಿಲ್ಲ.

ಎಣ್ಣೆ ಸವರಿದಳು, ಉಜ್ಜಿದಳು, ಬೆಚ್ಚಗೆ ಕೈಯಲ್ಲಿ ಹಿಡಿದು ಕೂತಳು. ಬಣ್ಣ ತಿರುಗಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಮಂಡ್ಯಕ್ಕೆ ಹೋದರು. ಡಾಕ್ಟರು ಎರಡು ದಿನ ಇರಿಸಿಕೊಂಡು ನೋಡಿದರು. ಬೆರಳು ಕಪ್ಪಾಯಿತು. ಬೆರಳು ತೆಗೆಯದಿದ್ದರೆ ಪಾದ, ಪಾದ ಬಿಟ್ಟರೆ ಮೊಣಕಾಲು ಎಂದು ಹೇಳಿ ಎದ್ದುಹೋದರು. ಈ ಸಲ ಪಂಕಜಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇರೋವಷ್ಟು ದಿನ ಇರಲಿ ಬಿಡು. ಬೆರಳಿನ ಜೊತೆಗೇ ಹೋಗ್ತೀನಿ," ಎಂದರು ಭಟ್ಟರು ಮಂಚದ ಮೇಲೆ ಕೂತು, ಅದೇ ಮೆದು ದನಿಯಲ್ಲಿ.

ಪಂಕಜಮ್ಮನಿಗೆ ಎಲ್ಲಿತ್ತೋ ಅಷ್ಟು ಸಿಟ್ಟು. "ಹೋಗ್ತೀರಾ? ಯಾರನ್ನ ಕೇಳಿ ಹೋಗ್ತೀರಿ? ಕೂತ್ಕೊಳ್ಳಿ ಅಂದೆ, ಕೂರಲಿಲ್ಲ. ವೆಂಕಟೇಶನ್ನ ಕರೆಸಿ ಅಂದೆ, ಕರೆಸಲಿಲ್ಲ. ಎಲೆ ಬೇಯಿಸಿ ಬೇಯಿಸಿ ಒಂದೊಂದು ಅಕ್ಕಿಕಾಳಿನಷ್ಟು ಮಾಂಸ ಬೆಳೆಸಿದೆ ನಾನು, ಒಂದೇ ದಿನಕ್ಕೆ ಉರುಳು ಹಾಕಿ ಕೊಂದಿರಿ. ಬೆರಳು ದೇವರ ಪಾಲಾಯ್ತು. ಉಳಿದ ಮೈ ನನ್ನ ಪಾಲು. ಅದನ್ನ ಕೊಡೋಕೆ ಆಗಲ್ಲ ನನಗೆ." ಪಕ್ಕದ ಕೋಣೆಯ ರೋಗಿಗಳೆಲ್ಲ ಬಾಗಿಲಿಗೆ ಬಂದು ನಿಂತರು. ಭಟ್ಟರು ಹೆಂಡತಿಯ ಮುಖ ನೋಡುತ್ತಾ ನೋಡುತ್ತಾ ಅತ್ತುಬಿಟ್ಟರು. ಮರುದಿನ ಬೆರಳು ತೆಗೆದರು.

ಸಂಕ್ರಾಂತಿ ಕಳೆದು ಮನೆಗೆ ಬಂದಾಗ ಗುಡಿಯಲ್ಲಿ ಕಚೇರಿಗೆ ದೀರ್ಘ ರಜೆ ಹಾಕಿ ಬಂದಿದ್ದ ವೆಂಕಟೇಶಮೂರ್ತಿಯ ಗಂಟೆ ಕೇಳುತ್ತಿತ್ತು. ಗುಡಿಯ ಯಜಮಾನಿಕೆ ನೋಡಿಕೊಳ್ಳುತ್ತಿದ್ದ ಪಟೇಲ ಕರಿಯಪ್ಪ ಅದೇ ಸಂಜೆ ಬಂದು ಜಗಲಿಯ ಮೇಲೆ ಕೂತ.

"ಬೆ‌ಳ್ಳು ಓದ್ರೆ ಓಯ್ತು ಬುಡಿ ಸ್ವಾಮಿ. ಕಾಲ್ಬೆಳ್ಳಲ್ಲಿ ಪೂಜೆ ಮಾಡೀರಾ? ಕೈ ನೆಟ್ಟಗವಲ್ಲ. ಗಾಯ ಒಣಗುದ್ ಮ್ಯಾಲೆ ನೀವೇ ಬನ್ನಿ. ಊರೋರು ಯಾರೂ ಸೊಲ್ಲೆತ್ತಕಿಲ್ಲ. ದೇವ್ರೇನು ಬೆಳ್ಳು ಎಣುಸ್ತಾ ಕುಂತವ್ನಾ?"

ಪಂಕಜಮ್ಮ ಬಾಗಿಲ ಹಿಂದೆ ಬಂದು ನಿಂತಳು.

ಭಟ್ಟರು ಕೈಮುಗಿದರು. "ದೇವರು ಎಣಿಸೋಲ್ಲ ಪಟೇಲರೇ. ನಾನು ಎಣಿಸ್ತೀನಿ."

ಕೀವನ್ನು ಪಸೆ ಎಂದು ಕರೆದು ತಿಂಗಳುಗಟ್ಟಲೆ ಒಳಗೆ ಹೋದ ಮನುಷ್ಯ! ಆವಾಗ ಬಗ್ಗಿದ ಶಾಸ್ತ್ರ ಈಗ ಯಾಕೆ ಬಗ್ಗದು? ಸ್ವಾಮಿಯನ್ನು ಬಿಡಲಾರೆನೆಂದು ಬೆರಳು ಕಳೆದುಕೊಂಡರು, ಈಗ ಬೆರಳಿಲ್ಲವೆಂದು ಸ್ವಾಮಿಯನ್ನೇ ಬಿಡುತ್ತಿದ್ದಾರೆ. ಇವರನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಆಕೆಗೆ ತಿಳಿಯದೆ ಹೋಯಿತು. ಒಳಗೆ ಹೋಗಿ ಪಾತ್ರೆಗಳನ್ನು ಎತ್ತಿ ಕುಕ್ಕಿದಳು, ಸದ್ದು ಪಟೇಲನಿಗೂ ಕೇಳಲಿ ಎಂದೇ.

ಬೇಸಿಗೆ ಹತ್ತಿತು. ಗಾಯ ಮಾಯ್ದು ಭಟ್ಟರು ಮೆಲ್ಲಗೆ ನಡೆದಾಡುವಂತಾದರು. ಬೆಳಿಗ್ಗೆ ಗುಡಿಗೆ ಹೋಗಿ ಹೊರಗಿನ ಕಂಬದ ಪಕ್ಕ, ಊರವರ ಸಾಲಿನ ಹಿಂದೆ ನಿಲ್ಲುವರು. ಮಧ್ಯಾಹ್ನದ ಮಂಗಳಾರತಿಗೆ ಮತ್ತೆ ಹೋಗಿ ಅಲ್ಲಿಯೇ ನಿಲ್ಲುವರು. ವೆಂಕಟೇಶ ಕೊಟ್ಟ ತೀರ್ಥಕ್ಕೆ ಎಲ್ಲರಂತೆ ಕೈಯೊಡ್ಡಿ ಕುಡಿದು ಮನೆಗೆ ಬರುವರು. ಉಳಿದ ಕಾಲನ್ನು ಕಾಪಾಡಿಕೊಳ್ಳಬೇಕು, ಮನೆಯೊಳಗೂ ಬರಿಗಾಲಲ್ಲಿ ಇರಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಚರ್ಮದ್ದು ಬೇಡವೆನ್ನುತ್ತಾರೆಂದು ಪಂಕಜಮ್ಮ ಮಂಡ್ಯದ ಪೇಟೆಯಲ್ಲಿ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ ತಂದಿದ್ದಳು. ತಂದ ದಿನ ಎಲ್ಲಿಟ್ಟಳೋ ಅಲ್ಲಿಯೇ ಅವು ಬಾಗಿಲ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದವು.

ಒಂದು ಮಧ್ಯಾಹ್ನ ಗುಡಿಯಿಂದ ಬಂದ ಭಟ್ಟರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ನೀರು ಕೊಡಲು ಬಂದ ಪಂಕಜಮ್ಮ ಎಡಗಾಲಿನ ಅಂಗಾಲನ್ನು ಕಂಡಳು. ಹಿಮ್ಮಡಿಯ ಮೇಲೆ ರೂಪಾಯಿಯಗಲದ ಬೊಕ್ಕೆ ಎದ್ದಿತ್ತು. ಗುಡಿಯ ಮುಂದಿನ ರಸ್ತೆಗೆ ಹೊಸದಾಗಿ ಟಾರು ಹಾಕಿದ್ದರು, ಬಿಸಿಲಿಗೆ ಅದು ಕಾದು ಮೆತ್ತಗಾಗಿತ್ತು. ಅದರ ಮೇಲೆ ನಡೆದು ಬಂದು ಇವರು ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದಾರೆ.

ಆಕೆ ಚೊಂಬನ್ನು ಕೆಳಗಿಟ್ಟು, ಚಪ್ಪಲಿ ತಂದು ಅವರ ಮುಂದೆ ಹಾಕಿದಳು.

"ಹಾಕ್ಕೊಳ್ಳಿ."

ಭಟ್ಟರು ನಕ್ಕರು. "ಅರ್ಚಕ ಚಪ್ಪಲಿ ಮೆಟ್ಟಿಕೊಂಡು ಈ ಬೀದೀಲಿ ನಡೆಯೋದುಂಟೇ? ನಮ್ಮ ತಾತನ ಕಾಲದಿಂದ..."

"ಯಾರ್ರೀ ಅರ್ಚಕ?" ಎಂದಳು ಪಂಕಜಮ್ಮ. "ಅರ್ಚಕ ವೆಂಕಟೇಶ. ನೀವು ಅರ್ಚಕರಲ್ಲ. ಸಕ್ಕರೆ ಕಾಯಿಲೆಯವರು. ಹಾಕ್ಕೊಳ್ಳಿ."

ಬೀದಿಯಲ್ಲಿ ಹೋಗುತ್ತಿದ್ದ ಬೆಟ್ಟಮ್ಮ ನಿಂತಳು, ಆಮೇಲೆ ತಲೆ ತಗ್ಗಿಸಿ ಸರಸರನೆ ಮುಂದೆ ಹೋದಳು. ಪಂಕಜಮ್ಮನಿಗೆ ತಾನು ಆಡಿದ್ದು ಆಗ ತನ್ನ ಕಿವಿಗೆ ಬಿತ್ತು. ಯಾರು ಬೇಕಾದರೂ ಹೇಳಬಹುದಾಗಿದ್ದ ಆ ಮಾತನ್ನು ಊರಲ್ಲಿ ಇಲ್ಲಿಯ ತನಕ ಯಾರೂ ಹೇಳಿರಲಿಲ್ಲ.

ಭಟ್ಟರ ನಗು ಹೋಯಿತು. ಈ ಸಲ ತಲೆದೂಗಲಿಲ್ಲ. ಕಂಬ ಹಿಡಿದು ಎದ್ದು ಎಡಗಾಲನ್ನು ಚಪ್ಪಲಿಗೆ ತೂರಿಸಿದರು. ಬಲಗಾಲನ್ನು ತೂರಿಸಿದರು. ಹೆಬ್ಬೆರಳ ಪಕ್ಕದಲ್ಲಿ ಬೆರಳಿಲ್ಲದೆ ಪಟ್ಟಿ ಅತ್ತಿತ್ತ ಜಾರಿತು. ಬಗ್ಗಿ ಕೈಯಿಂದ ಅದನ್ನು ಹೆಬ್ಬೆರಳಿಗೆ ಒತ್ತಿ ಕೂಡಿಸಿದರು. ಎರಡು ಹೆಜ್ಜೆ ಇಟ್ಟು ನೋಡಿದರು. ಆಮೇಲೆ ತಿರುಗಿ ಬಂದು ಹೆಂಡತಿಯ ಮುಂದೆ ಕಾಲು ಮುಂದಿಟ್ಟು ನಿಂತರು.

"ಬಿಗಿಯಾಗಿದೆಯಾ ನೋಡು ಪಂಕಜ," ಎಂದರು. "ನನಗೆ ಗೊತ್ತಾಗಲ್ಲ."

ಪಂಕಜಮ್ಮ ನೆಲಕ್ಕೆ ಕೂತಳು. ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ. ಪಟ್ಟಿಯ ಒಳಗೆ ಬೆರಳು ತೂರಿಸಿ ಆಚೆಯಿಂದ ಈಚೆಗೆ ಆಡಿಸಿ, ಬಿಗಿಯಾಗಿಲ್ಲ ಎಂದಳು.